ಕಿರುಬೆರಳಿನ ಜಾಗ

ಎರ್ನಾನಿ ಮಾಮನ ಪಕ್ಕದ ಕುರ್ಚಿ ಜುಲ್ಮೀರಾಳದು. ರಿಯೊದ ಪೆನ್ಯಾ ಬಡಾವಣೆಯಲ್ಲಿ, ಆತನ ಹಿತ್ತಲ ಮಾವಿನ ಮರದಡಿ ಭಾನುವಾರ ಶೋರೊ ಸಂಗೀತ ನುಡಿಸಲು ಕೂಡುವವರಿಗೆಲ್ಲ ಅದು ಗೊತ್ತು. ಮುದುಕ ಕೊಳಲೂದಬೇಕು, ಅವಳು ಗಿಟಾರಿನಲ್ಲಿ ಬೆನ್ನು ಹತ್ತಬೇಕು. ಹಾಗಿರುವಾಗ ಹೋದ ವಾರ ಮುದುಕ, "ಬರೋ ಭಾನುವಾರ ದಲ್ವಾನ ಒಂದು ಸಲ ಇಲ್ಲಿ ಕೂರಿಸೋಣ ಕಣಮ್ಮ. ಹುಡುಗಿ ಕಿವಿ ಚುರುಕು" ಅಂದುಬಿಟ್ಟಿದ್ದ.

ದಲ್ವಾ ಪಕ್ಕದ ಮನೆಯವಳು. ಅವಳಿಗೆ ಗಿಟಾರು ಹಿಡಿಯಲು ಕಲಿಸಿದ್ದೇ ಜುಲ್ಮೀರಾ. ಆದರೆ ಮೂರು ಸ್ವರ ಒಟ್ಟಿಗೆ ಮೀಟುವ ಸಾದಾ ಕಾರ್ಡುಗಳನ್ನಷ್ಟೇ ಹೇಳಿಕೊಟ್ಟು, ಸೆವೆಂತ್ ಕಾರ್ಡುಗಳ ಮಾತು ಬಂದಾಗಲೆಲ್ಲ "ಅದಕ್ಕಿನ್ನೂ ಕಾಲ ಇದೆ" ಎಂದು ತೇಲಿಸಿದ್ದಳು. ಸಾದಾ ಕಾರ್ಡು ಅಂದರೆ ಉಂಡು ಗೋಡೆಗೊರಗಿದ ಹಾಗೆ. ಸೆವೆಂತ್ ಅಂದರೆ ಚಪ್ಪಲಿ ಮೆಟ್ಟಿ ಹೊಸ್ತಿಲಲ್ಲಿ ನಿಂತ ಹಾಗೆ, ಎಲ್ಲಿಗಾದರೂ ಹೊರಡಲೇಬೇಕು. ಅದು ಕೈವಶವಾದರೆ ಹಾಡು ತಿರುಗುವ ದಾರಿಯೇ ಕೈವಶ. ಅಂಥ ಗುಟ್ಟನ್ನು ಯಾರು ಬಿಟ್ಟುಕೊಡುತ್ತಾರೆ? ಆದರೇನು, ದಲ್ವಾ ಗೋಡೆಯಾಚೆಯಿಂದ ಕೇಳಿ ಕೇಳಿಯೇ ಅವನ್ನೂ ಹೆಕ್ಕಿಕೊಂಡಿದ್ದಳು.

ಈ ಭಾನುವಾರ ಜುಲ್ಮೀರಾ ಮೊದಲೇ ಬಂದು ಮುದುಕನ ಕಿವಿಗೆ ಬಾಗಿದಳು. "ಮಾಮ, ಎರಡನೇ ಭಾಗದಲ್ಲಿ ಗಕ್ಕನೆ ಇ ಮೈನರ್‌ಗೆ ತಿರುಗಿಬಿಡಿ. ಬೀಳ್ತಾಳೆ."

"ಬೀಳಿಸಬೇಕಾ? ನೀನೇ ಕಲಿಸಿದವಳನ್ನ?"

"ಕುರ್ಚಿ ಏನು ಪುಕ್ಸಟ್ಟೆ ಬರುತ್ತಾ? ಆಗ ನನ್ನನ್ನ ಎಷ್ಟು ಸಲ ಬೀಳಿಸಿಲ್ಲ ನೀವು!"

ಮುದುಕ ಕೊಳಲು ಒರೆಸಿಕೊಂಡ.

ಆ ಹಿತ್ತಲ ಕಟ್ಟಳೆಯೇ ಹಾಗೆ. ಕೊಳಲಿನವನು ಹೇಳದೆ ಕೇಳದೆ ದಾರಿ ಬದಲಿಸುತ್ತಾನೆ. ಎಡವಿದವರು ವಾದ್ಯ ಕೆಳಗಿಟ್ಟು ಎದ್ದುಹೋಗಿ ಎಲ್ಲರಿಗೂ ಮಾಂಸ ಹಾಕಿ ಬೇಯಿಸಿದ ಕರಿ ಬೀನ್ಸು ಬಡಿಸಬೇಕು.

ಹಾಡು ಜಿ ಮೇಜರ್ ಶ್ರುತಿಯಲ್ಲಿ ಶುರುವಾಯಿತು. ಜುಲ್ಮೀರಾ ಕುರ್ಚಿ ಬಿಟ್ಟುಕೊಟ್ಟಿರಲಿಲ್ಲ; ದಲ್ವಾ ಹಿಂದೆ ಬಿಯರಿನ ಪೆಟ್ಟಿಗೆಯ ಮೇಲೆ ಕೂತು ಗಿಟಾರು ಬಾರಿಸುತ್ತಿದ್ದಳು. ಕತ್ತು ಹೊರಳಿಸಿದ ಜುಲ್ಮೀರಾಳ ಕಣ್ಣೆಲ್ಲ ಅವಳ ಎಡಗೈ ಮೇಲೆ. ಎರಡನೇ ಭಾಗ ಬಂತು, ಕೊಳಲು ಮೇಲೇರಿತು. ಇಗೋ, ತಿರುಗಿದ! ಜುಲ್ಮೀರಾ ಇ ಮೈನರಿಗೆ ದಾಟಿಸುವ ಬಿ ಸೆವೆಂತ್ ಹಿಡಿದು ಬಾರಿಸಿಯೇಬಿಟ್ಟಳು.

ಕೊಳಲು ಎಲ್ಲಿಗೂ ತಿರುಗಲಿಲ್ಲ. ಮೆಲ್ಲನೆ ಜಿಗೇ ಇಳಿದು ಕೂತಿತು. ಅವಳ ಬಿ ಸೆವೆಂತ್, ಮದುವೆ ಮನೆಯೆಂದು ಸಾವಿನ ಮನೆಗೆ ನುಗ್ಗಿದ ನೆಂಟನ ಹಾಗೆ ನಟ್ಟನಡುವೆ ನಿಂತಿತು.

"ಬಿದ್ದಳೋ!" ಪುಟ್ಟ ಗಿಟಾರು ಬಾರಿಸುತ್ತಿದ್ದ ತಿಬೂರ್ಸಿಯೊ ಕೂಗಿಕೊಂಡ. "ಜುಲ್ಮೀರಾನೇ ಬಿದ್ದಳು! ಸೌಟು ಕೊಡ್ರೋ ಮಹಾರಾಣಿಗೆ!"

"ಮಾಮ, ನೀವು ತಿರುಗಲೇ ಇಲ್ವಲ್ಲ!"

"ತಿರುಗ್ತೀನಿ ಅಂದಿದ್ದೆನಾ? ನೀನು ಕೊಳಲು ಎಲ್ಲಿ ಕೇಳಿದೆ ತಾಯಿ, ಅವಳ ಕೈ ನೋಡ್ತಾ ಕೂತಿದ್ದೆ."

ಕುರ್ಚಿ ದಲ್ವಾಳ ಪಾಲಾಯಿತು. ಜುಲ್ಮೀರಾ ಪಾತ್ರೆಯ ಮುಂದೆ ಸೌಟು ಹಿಡಿದು ನಿಂತಳು. ಮುಂದಿನ ಹಾಡಿನಲ್ಲಿ ಮುದುಕ ನಿಜವಾಗಿಯೂ ಇ ಮೈನರ್‌ಗೆ ತಿರುಗಿದ. ಬೀಳು, ಬೀಳೇ, ಎಂದು ಜುಲ್ಮೀರಾ ಒಳಗೊಳಗೇ ಹಲ್ಲು ಕಡಿದಳು. ದಲ್ವಾ ಬೀಳಲಿಲ್ಲ. ಬಿ ಸೆವೆಂತ್ ಹಿಡಿದು ಸರಿಯಾಗಿ ದಾಟಿಕೊಂಡಳು. ಎಲ್ಲರೂ ಭಲೇ ಅಂದರು.

ಆದರೆ ಅದರಲ್ಲೊಂದು ತಂತಿ ಅಪಸ್ವರ. ಹುಡುಗಿ ಮೂರೇ ಬೆರಳಲ್ಲಿ ಹಿಡಿದು, ಕೊನೆಯ ತಂತಿಯನ್ನು ಖಾಲಿ ಬಿಟ್ಟಿದ್ದಳು. ಗೋಡೆ ನಾದವನ್ನು ಬಿಟ್ಟುಕೊಡುತ್ತದೆ, ಬೆರಳನ್ನು ತೋರಿಸುವುದಿಲ್ಲ. ಇದು ಜುಲ್ಮೀರಾಳಿಗಲ್ಲದೆ ಇನ್ಯಾರಿಗೂ ಕೇಳಿಸಿದ ಹಾಗಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ಅದೇ ತಿರುವು ಮತ್ತೆ ಬಂದಾಗ, ಅನ್ನದಲ್ಲಿ ಕಲ್ಲು ಸಿಕ್ಕಿದಂತೆ ಅವಳ ದವಡೆ ಜುಮ್ಮೆಂದಿತು.

ಹಾಡು ಮುಗಿಯುತ್ತಲೇ ಸೌಟು ಹಿಡಿದೇ ಬಂದಳು. "ಏ, ಹಿಡಿ ಬಿ ಸೆವೆಂತು."

"ಯಾಕಕ್ಕಾ?"

"ಕಿರುಬೆರಳನ್ನ ಕಿವಿ ಕೆರೆಯೋಕೆ ಇಟ್ಕೊಂಡಿದ್ದೀಯಾ? ಕೊನೆ ತಂತಿ, ಎರಡನೇ ಮನೆ. ಒತ್ತು. ಇನ್ನೂ ಒತ್ತೇ!"

ದಲ್ವಾ ಮೀಟಿದಳು. ಗಂಟೆಯ ಹಾಗೆ ಮೊಳಗಿತು. ಮುದುಕ ಕಣ್ಣು ಮುಚ್ಚಿ ತಲೆದೂಗಿ, "ಆಹಾ, ಇನ್ನೊಂದು ಸಲ ಮಗಳೇ" ಅಂದ.

"ಮೀಟಿದ್ದು ಸಾಕು, ಊಟ ಆರ್ತಿದೆ" ಎಂದು ಜುಲ್ಮೀರಾ ಎಲ್ಲರಿಗೂ ಧಾರಾಳವಾಗಿ ಬಡಿಸಿದಳು. ದಲ್ವಾಳ ತಟ್ಟೆಗೆ ಮಾತ್ರ, ಸೌಟನ್ನು ಓರೆ ಮಾಡಿ, ಒಂದೂ ಮಾಂಸದ ತುಂಡು ಬೀಳದ ಹಾಗೆ.