ಪೊರಕೆಗೆ ಹಚ್ಚಿದ ವಿಭೂತಿ

ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಸೇರಿದ ವಿದನ್‌ಶಾದ ಡಾಕ್ಟರ್ ಮೃತ್ಯುಂಜಯ ಯಲಿಗಾರರು ಅರಿವಳಿಕೆ ತಜ್ಞರು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಜನರನ್ನು ಮಲಗಿಸುತ್ತಿದ್ದರು, ಕನ್ನಡ ಸಂಘದಲ್ಲಿ ಭಾಷಣ ಮಾಡಿ ಮಲಗಿಸುತ್ತಿದ್ದರು. ಕಳೆದ ವರ್ಷದ ನವರಾತ್ರಿಯ ಭಾಷಣ ಮಾತ್ರ ಎಲ್ಲರನ್ನೂ ಎಚ್ಚರವಾಗಿ ಕೂರಿಸಿತ್ತು. ಶರಣರ ದಾರಿಯಲ್ಲಿ ಹುಟ್ಟಿದವರು ಅಂಗೈ ಮೇಲಿನ ಇಷ್ಟಲಿಂಗ ಬಿಟ್ಟು ಬೇರೇನನ್ನೂ ಪೂಜಿಸಬಾರದು, ಖಂಡೆ ಪೂಜೆಯ ಹೆಸರಿನಲ್ಲಿ ಕಾರಿಗೆ, ಕುಕ್ಕರಿಗೆ, ಲ್ಯಾಪ್‌ಟಾಪಿಗೆ ವಿಭೂತಿ ಬಳಿಯುವುದು ಶುದ್ಧ ಮೂಢತನ ಎಂದು ನಲವತ್ತು ಸ್ಲೈಡು ತೋರಿಸಿ ಮುಕ್ಕಾಲು ಗಂಟೆ ಹೇಳಿದ್ದರು. ಸಂಘದ ಅಧ್ಯಕ್ಷರಾದ ಮೈಸೂರಿನ ಡಾಕ್ಟರ್ ಹರಿಪ್ರಸಾದರು ಅದೇ ದಿನ ಬೆಳಿಗ್ಗೆ ತಮ್ಮ ಹೊಸ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಬಂದಿದ್ದರು. ಅವರು ಆ ಭಾಷಣವನ್ನು ಮರೆತಿರಲಿಲ್ಲ.

ಮೃತ್ಯುಂಜಯರೂ ಹರಿಪ್ರಸಾದರ ಒಂದು ಮಾತನ್ನು ಮರೆತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಹರಿಪ್ರಸಾದರ ಮಗ ಅರ್ಜುನ್‌ಗೆ ಕೇಂಬ್ರಿಡ್ಜಿನಲ್ಲಿ ಮೆಡಿಸಿನ್ ಸೀಟು ಸಿಕ್ಕಾಗ ಅವರು ಸಂಘದ ವಾಟ್ಸಾಪ್ ಗುಂಪಿನಲ್ಲಿ, ಅಂಕ ಎಲ್ಲರ ಮಕ್ಕಳೂ ತೆಗೆಯುತ್ತಾರೆ, ಅದರಾಚೆಗೆ ಏನಾದರೂ ಇರಬೇಕು ಎಂದು ಬರೆದಿದ್ದರು. ಆ 'ಏನಾದರೂ' ತಮ್ಮ ಮಗಳು ನಿವೇದಿತಾಳಿಗೆ ಏನಿರಬಹುದು ಎಂದು ಡಾಕ್ಟರು ಒಂದು ತಿಂಗಳು ಲೆಕ್ಕ ಹಾಕಿದರು. ಪಿಟೀಲಿಗೆ ಹೋದರೆ ಮುಂದೆ ಸಾವಿರ ಮಕ್ಕಳು, ಟೆನಿಸ್ಸಿಗೆ ಹೋದರೆ ಹತ್ತು ಸಾವಿರ. ಇಂಗ್ಲೆಂಡಿನಲ್ಲಿ ಕೈಬೆರಳಲ್ಲಿ ಎಣಿಸುವಷ್ಟೇ ಹುಡುಗಿಯರು ಆಡುವ ಆಟ ಯಾವುದು ಎಂದು ಹುಡುಕಿದಾಗ ಸಿಕ್ಕಿದ್ದು ಕರ್ಲಿಂಗ್.

ಮಂಜುಗಡ್ಡೆಯ ಅಂಗಳದಲ್ಲಿ ದುಂಡನೆಯ ಭಾರದ ಕಲ್ಲನ್ನು ಜಾರಿಸುವುದು, ಆ ಕಲ್ಲಿನ ಮುಂದೆ ಇಬ್ಬರು ಪೊರಕೆ ಹಿಡಿದು ಓಡುತ್ತ ಮಂಜನ್ನು ಉಜ್ಜುವುದು, ದೂರದ ಬಣ್ಣದ ವೃತ್ತದ ನಡುವೆ ಯಾರ ಕಲ್ಲು ನಿಂತಿತೋ ಅವರು ಗೆದ್ದರು. ಇಷ್ಟೇ ಆಟ. ನಿವೇದಿತಾ ಪೊರಕೆಯವಳು. ಈ ಸಂಗತಿಯನ್ನು ಡಾಕ್ಟರು ಸಂಘದಲ್ಲಿ ಬಹಳ ಜೋಪಾನವಾಗಿ ಹೇಳುತ್ತಿದ್ದರು. ಮಗಳು ಮಂಜಿನ ಮೇಲಿನ ಚದುರಂಗ ಆಡುತ್ತಾಳೆ, ಕೈಯಲ್ಲಿರುವುದು ಬ್ರಷ್ ಎನ್ನುತ್ತಿದ್ದರು. ಬೈಲಹೊಂಗಲದಿಂದ ಆರು ತಿಂಗಳಿಗೆಂದು ಬಂದಿದ್ದ ಅವರ ತಾಯಿ ಕಾಶೀಬಾಯಿ ಮೊದಲ ದಿನವೇ ಆ ಜೋಪಾನಕ್ಕೆ ಎಳ್ಳುನೀರು ಬಿಟ್ಟರು. ಮೊಮ್ಮಗಳ ಆಟ ನೋಡಿ ಬಂದು, "ಕಲ್ಲಿನ ಮುಂದ ಕಸಾ ಹೊಡಿಯೂದು ಕಲಿಲಿಕ್ಕೆ ಇಷ್ಟು ಫೀ ಕೊಡತಾರೇನಪಾ?" ಎಂದು ಮಗನ ಫೋನಿನಲ್ಲಿದ್ದ ಅಧ್ಯಕ್ಷರ ಕಿವಿಗೆ ಬೀಳುವಂತೆ ಕೇಳಿದ್ದರು.

ಲೆಕ್ಕಕ್ಕಾಗಿ ಶುರುವಾದ ಆಟ ಮಗಳಿಗೆ ನಿಜವಾಗಿಯೂ ಹಿಡಿಸಿಬಿಟ್ಟಿತು. ಅದರಲ್ಲಿ ಅವಳಿಗೆ ತೀರಾ ಇಷ್ಟವಾದದ್ದು ಅಪ್ಪನಿಗೆ ಅರ್ಥವೇ ಆಗದ ಒಂದು ಪದ್ಧತಿ. ಓಡುವ ಕಲ್ಲಿಗೆ ನಿಮ್ಮ ಪೊರಕೆ ತಗುಲಿದರೆ ಬೇರೆ ಯಾರೂ ಅದನ್ನು ಎತ್ತಿ ತೋರಿಸುವುದಿಲ್ಲ. ತಗುಲಿಸಿದವರೇ ಕೈ ಎತ್ತಿ ಹೇಳಬೇಕು. ಯಾರೂ ನೋಡದಿದ್ದರೆ ಏನು ಮಾಡುತ್ತಾರೆ ಎಂದು ಡಾಕ್ಟರು ಒಮ್ಮೆ ಕೇಳಿದ್ದರು. ಆಗಲೂ ಹೇಳುತ್ತಾರೆ ಎಂದಿದ್ದಳು ಮಗಳು. ಚೆನ್ನಾಗಿದೆ, ಮೆಡಿಸಿನ್ ಸೀಟಿನ ಇಂಟರ್‌ವ್ಯೂನಲ್ಲಿ ಹೇಳು ಎಂದಿದ್ದರು ಅಪ್ಪ.

ಹದಿನೇಳು ತುಂಬುವ ಹೊತ್ತಿಗೆ ಅವಳು ಇಂಗ್ಲೆಂಡಿನ ಜೂನಿಯರ್ ತಂಡದಲ್ಲಿದ್ದಳು. ಆ ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರಿನ ಹೊರವಲಯದ ಅಂಗಳದಲ್ಲೇ ಹುಡುಗರ, ಹುಡುಗಿಯರ ಅಂತರರಾಷ್ಟ್ರೀಯ ಪಂದ್ಯಾವಳಿ ನಡೆಯಿತು. ಹುಡುಗರ ತಂಡ ಮೂರೇ ದಿನದಲ್ಲಿ ಗಂಟುಮೂಟೆ ಕಟ್ಟಿತು. ಹುಡುಗಿಯರು ಒಂದೊಂದೇ ಗೆದ್ದು ಫೈನಲ್ಲಿಗೆ ಬಂದರು. ಎದುರಾಳಿ ನಾರ್ವೆ. ದಿನ ನೋಡಿದರೆ ಮಹಾನವಮಿ, ಖಂಡೆ ಪೂಜೆಯ ದಿನ.

ಮೊಮ್ಮಗಳ ಆಯುಧ ಅದೇ ಅಲ್ಲವೇ, ಕಸಬರಿಗೆಗೆ ಒಂಚೂರು ವಿಭೂತಿ ಹಚ್ಚುತ್ತೇನೆ ಎಂದು ಕಾಶೀಬಾಯಿ ಹಿಂದಿನ ದಿನ ಕೇಳಿದ್ದರು. ಡಾಕ್ಟರು ಸಿಡುಕಿದರು. ಇಡೀ ಸಂಘಕ್ಕೆ ಬುದ್ಧಿ ಹೇಳಿದವನ ಮನೆಯಲ್ಲೇ ಪೊರಕೆ ಪೂಜೆ ನಡೆದರೆ ಜನ ಎಲ್ಲಿಂದ ನಗುತ್ತಾರೆಂದು ಗೊತ್ತೇ ಎಂದು ಗದರಿಸಿದರು. ಮುದುಕಿ ವಿಭೂತಿ ಗಟ್ಟಿಯನ್ನು ಜಗಲಿಯ ಮೇಲೇ ವಾಪಸು ಇಟ್ಟರು.

ಆದರೆ ಮರುದಿನ ಬೆಳಗಾಗುತ್ತಲೇ ಡಾಕ್ಟರು ದೇವರ ಜಗಲಿಯ ಸುತ್ತ ಸುಳಿಯತೊಡಗಿದರು. ಹೆಂಡತಿ ಅರ್ಪಿತಾ ಡ್ಯೂಟಿಯ ಪಾಳಿಯಂತೆ ಆಸ್ಪತ್ರೆಗೆ ಹೋಗಿಯಾಗಿತ್ತು. ಅಧ್ಯಕ್ಷರು ಕೊವೆಂಟ್ರಿ, ಲಫ್‌ಬರೋಗಳಿಂದ ಕನ್ನಡಿಗರನ್ನು ಒಂದು ಕೋಚ್ ಬಸ್ಸಿನಲ್ಲಿ ತುಂಬಿಸಿಕೊಂಡು ಬರುತ್ತಿದ್ದರು. 'ಚಿನ್ನದ ಕನ್ನಡತಿ' ಎಂಬ ಬ್ಯಾನರು ಎರಡು ದಿನ ಮೊದಲೇ ಅಚ್ಚಾಗಿತ್ತು. ಮೆಡಿಸಿನ್ ಅರ್ಜಿಗೆ ಉಳಿದದ್ದು ಒಂದೇ ವಾರ. ಈ ಪಂದ್ಯವೊಂದು ಕೈತಪ್ಪಿದರೆ ಎಲ್ಲವೂ ಕೆಟ್ಟಂತೆ. ಮಗಳು ಸ್ನಾನಕ್ಕೆ ಹೋದದ್ದೇ ತಡ, ಡಾಕ್ಟರು ದೇವರ ಜಗಲಿಯ ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಯಾರಿಗೂ ಕಾಣಬಾರದೆಂದು ಪೊರಕೆಯ ತಲೆಯ ಹಿಂಬದಿಗೆ, ಹಿಡಿಕೆ ಸೇರುವ ಸಂದಿನಲ್ಲಿ, ದಪ್ಪಗೆ ಮೂರು ಗೆರೆ ಎಳೆದರು. ಹೇಗೂ ಎಳೆದಾಯಿತೆಂದು ಕಣ್ಣು ಮುಚ್ಚಿ ಕೈಯನ್ನೂ ಮುಗಿದರು.

ಫೈನಲ್ ಎಂಟು ಸುತ್ತಿನದು. ಎಂಟನೆಯ ಸುತ್ತಿನ ಕೊನೆಯವರೆಗೂ ಅಂಕ ಸಮಸಮ. ಇಂಗ್ಲೆಂಡಿನ ಕೊನೆಯ ಕಲ್ಲು ಬಿಟ್ಟಾಗ ನಿವೇದಿತಾ ಮೈಯ ಶಕ್ತಿಯೆಲ್ಲ ಹಾಕಿ ಉಜ್ಜಿ ಅದನ್ನು ವೃತ್ತದ ನಡುವಿಗೆ ತಂದು ನಿಲ್ಲಿಸಿದಳು. ಉಳಿದದ್ದು ನಾರ್ವೆಯ ಒಂದೇ ಕಲ್ಲು. ಅದು ಬಂದು ಹೊಡೆದರೆ ಚಿನ್ನ ಅವರದು. ಕಲ್ಲು ಗುರಿಯಿಟ್ಟಂತೆ ನೆಟ್ಟಗೆ ಬಂತು, ನಡುದಾರಿಯಲ್ಲಿ ಏನನ್ನೋ ಎಡವಿದ ಹಾಗೆ ತಡವರಿಸಿತು, ಹೊರಳಿಕೊಂಡು ಪಕ್ಕಕ್ಕೆ ಹೋಯಿತು. ಇಂಗ್ಲೆಂಡ್ ಗೆದ್ದಿತು. ಗ್ಯಾಲರಿಯಲ್ಲಿ ಬ್ಯಾನರು ಎದ್ದಿತು. ಆ ದಿನದ ಮಟ್ಟಿಗೆ ಎಲ್ಲ ಸಿಟ್ಟು ಮರೆತು ಹರಿಪ್ರಸಾದರು ಡಾಕ್ಟರನ್ನು ತಬ್ಬಿಕೊಂಡರು.

ನಿವೇದಿತಾ ಮಾತ್ರ ಕುಣಿಯಲಿಲ್ಲ. ಕಲ್ಲು ಎಡವಿದ ಜಾಗಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತು ಮಂಜನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಒಣಗಿ ಉದುರಿದ ಬಿಳಿಯ ಹಕ್ಕಳೆ. ಪೊರಕೆಯನ್ನು ತಿರುಗಿಸಿ ನೋಡಿದಳು. ಮೂರು ಗೆರೆಯಲ್ಲಿ ಎರಡೂವರೆ ಉಳಿದಿದ್ದವು. ಅವಳ ಮುಖದ ರಕ್ತವೆಲ್ಲ ಇಳಿದದ್ದು ಗ್ಯಾಲರಿಯ ಗಾಜಿನಾಚೆಗೂ ಕಂಡಿತು. ಆಮೇಲೆ ಅವಳು ಎದ್ದು ಕೈ ಎತ್ತಿದಳು.

ತನ್ನ ನಾಯಕಿಯ ಬಳಿ ಎರಡು ಮಾತಾಡಿ, ಇಬ್ಬರೂ ನಾರ್ವೆಯ ಹುಡುಗಿಯರ ಹತ್ತಿರ ಹೋಗಿ ಕೈಕುಲುಕಿ ಪಂದ್ಯ ಬಿಟ್ಟುಕೊಟ್ಟರು. ಚಿನ್ನ ನಾರ್ವೆಗೆ ಹೋಯಿತು. ಅಷ್ಟಕ್ಕೇ ಮುಗಿಯಲಿಲ್ಲ. ತೀರ್ಪುಗಾರ್ತಿ ಒಂದು ಫಾರಂ ಹಿಡಿದು ಬಂದರು. ಪೊರಕೆಗೆ ಪುಡಿ ಬಳಿದದ್ದು ಮೋಸ ಮಾಡಲೆಂದೇ ಆದರೆ ಆಟಗಾರ್ತಿಗೆ ಒಂದು ವರ್ಷ ನಿಷೇಧ. ಬಳಿದವರು ಯಾರು, ಯಾಕೆ ಎಂದು ಈಗಲೇ ತಿಳಿಯಬೇಕು ಎಂದರು. ತನಗೆ ಗೊತ್ತಿಲ್ಲ, ಆದರೆ ಪೊರಕೆ ತನ್ನದು ಎಂದಷ್ಟೇ ಹೇಳಿದಳು ಹುಡುಗಿ. ಅಷ್ಟರಲ್ಲಿ ಡಾಕ್ಟರು, ತಾಯಿ, ಅಧ್ಯಕ್ಷರು, ಅವರ ಹಿಂದೆ ಅರ್ಧ ಕೋಚು, ಎಲ್ಲರೂ ಅಂಗಳದ ಅಂಚಿಗೆ ಇಳಿದು ಬಂದಿದ್ದರು.

ಹರಿಪ್ರಸಾದರು ಪೊರಕೆ ನೋಡಿದರು, ಕಾಶೀಬಾಯಿಯನ್ನು ನೋಡಿದರು. "ಇವತ್ತು ಆಯುಧ ಪೂಜೆ ಅಲ್ವಾ? ಪಾಪ, ಅಜ್ಜಿ ಹಚ್ಚಿರ್ಬೇಕು."

ಕಾಶೀಬಾಯಿ ಮಗನ ಮುಖ ನೋಡಿದರು. ಮಗ ತನ್ನ ಬೂಟು ನೋಡಿಕೊಂಡ. ಎತ್ತಿ ಆಡಿಸಿದ ತಾಯಿಗೆ ಇನ್ನೇನು ಹೇಳಬೇಕು. "ಹೌದ್ರಿ, ನಾನ ಹಚ್ಚೀನಿ. ಮುದುಕಿಗೇನು ತಿಳೀತದ," ಎಂದರು.

ತೀರ್ಪುಗಾರ್ತಿಗೆ ಕನ್ನಡ ಬಾರದು. ಏನೆನ್ನುತ್ತಿದ್ದಾರೆ ಎಂದು ಡಾಕ್ಟರನ್ನೇ ಕೇಳಿದರು. ಇಷ್ಟು ಜನರ ಎದುರು, ಅದೂ ಈ ಹರಿಪ್ರಸಾದರ ಎದುರು, ಆ ನಲವತ್ತು ಸ್ಲೈಡುಗಳ ಒಡೆಯರು ಏನು ಹೇಳಬಲ್ಲರು? ಹಚ್ಚಿದ್ದು ತಮ್ಮ ತಾಯಿ, ವಯಸ್ಸಾಗಿದೆ, ಹಳ್ಳಿಯ ನಂಬಿಕೆ, ಕೆಟ್ಟ ಉದ್ದೇಶವಿಲ್ಲ ಎಂದು ಸೊಗಸಾದ ಇಂಗ್ಲಿಷಿನಲ್ಲಿ ಅನುವಾದಿಸಿದರು. ತಾಯಿ ಹೇಳಿದ್ದಕ್ಕಿಂತ ಅನುವಾದವೇ ಉದ್ದವಾಗಿತ್ತು. ತೀರ್ಪುಗಾರ್ತಿ ಮುದುಕಿಯ ಭುಜ ತಟ್ಟಿ, ಫಾರಂ ತುಂಬಿಸಿ, ನಿಷೇಧವಿಲ್ಲ ಎಂದು ಹೇಳಿ ಹೋದರು.

ಬೆಳ್ಳಿ ಪದಕ ಹೇಗೂ ಬಂತು. ಶಾಲು, ಹಣ್ಣಿನ ಬುಟ್ಟಿ ಕೋಚಿನಲ್ಲಿ ಬಂದೇ ಇದ್ದವು. ಅವನ್ನು ವಾಪಸು ಒಯ್ಯುವ ಪದ್ಧತಿ ಯಾವ ಕನ್ನಡ ಸಂಘದಲ್ಲೂ ಇಲ್ಲ. ಅಂಗಳದ ಕ್ಯಾಂಟೀನಿನಲ್ಲೇ ಸಭೆ ಸೇರಿತು. ಚಿನ್ನಕ್ಕೆ ಬರೆದಿಟ್ಟಿದ್ದ ಭಾಷಣವನ್ನು ಹರಿಪ್ರಸಾದರು ನಿಂತಲ್ಲೇ ಪ್ರಾಮಾಣಿಕತೆಗೆ ತಿರುಗಿಸಿಕೊಂಡರು. ಹಳೇ ತಲೆಮಾರಿನ ಮೌಢ್ಯವನ್ನು ಹೊಸ ತಲೆಮಾರಿನ ಸತ್ಯ ತೊಳೆಯಿತು, ನಡುವೆ ನಿಂತು ಮಗಳನ್ನು ತಿದ್ದಿದ ತಂದೆಗೆ ಇದರ ಕೀರ್ತಿ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಳೇ ತಲೆಮಾರೂ ತಟ್ಟಿತು.

ನಿವೇದಿತಾ ಅಜ್ಜಿಯ ಪಕ್ಕದಲ್ಲಿ ಕೂತಿದ್ದಳು. ಕಾಶೀಬಾಯಿಯ ಬೆರಳುಗಳು ಸಂಧಿವಾತದಿಂದ ಬೇರಿನಂತೆ ತಿರುಚಿಕೊಂಡಿದ್ದವು. ನೀರಿನ ಬಾಟಲಿಯ ಮುಚ್ಚಳ ತಿರುವಲಾಗದೆ ಅವರು ಅದನ್ನು ಮೊಮ್ಮಗಳ ಕೈಗೆ ಕೊಟ್ಟರು. ಅವಳು ಮುಚ್ಚಳ ತೆಗೆದು ಕೊಟ್ಟು ಆ ಬೆರಳುಗಳನ್ನೇ ನೋಡುತ್ತ ಕೂತಳು. ನಂತರ ಎದ್ದು ಅಪ್ಪನ ಹತ್ತಿರ ಬಂದಳು. ಮನೆಯಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಅಂದು ಕನ್ನಡದಲ್ಲಿ ಮಾತಾಡಿದಳು.

"ಅಪ್ಪಾ, ಅಜ್ಜಿಗೆ ಅಷ್ಟು ನೆಟ್ಟಗೆ ಮೂರು ಗೆರೆ ಎಳಿಯಾಕ ಆಗೂದಿಲ್ಲ."

ಅವಳು ಯಾರ ಕಡೆಯೂ ಬೊಟ್ಟು ಮಾಡಲಿಲ್ಲ, ಅಲ್ಲೇ ನಿಂತುಕೊಂಡಳು. ಡಾಕ್ಟರಿಗೆ ನಾಚಿಕೆಯಾಯಿತು. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದಾಗಿನ ನಾಚಿಕೆಯಲ್ಲ. ಇಷ್ಟು ವರ್ಷ ಈ ಹುಡುಗಿಯನ್ನು ಯಾವುದಕ್ಕಾಗಿ ಓಡಿಸಿದೆ, ಅವಳು ಎಲ್ಲಿಗೆ ಬಂದು ನಿಂತಳು, ತಾನು ಎಲ್ಲಿ ಉಳಿದೆ ಎಂಬ ನಾಚಿಕೆ. ಅವರು ಹೋಗಿ ಅಧ್ಯಕ್ಷರ ಕೈಯಿಂದ ಮೈಕು ತೆಗೆದುಕೊಂಡರು.

"ವಿಭೂತಿ ಹಚ್ಚಿದ್ದು ನಮ್ಮ ಅವ್ವ ಅಲ್ಲ. ನಾನು."

ಮರುಕ್ಷಣ ಹರಿಪ್ರಸಾದರ ಕಣ್ಣಲ್ಲಿ ನೀರು ಬಂತು. ಹೋದ ವರ್ಷ ಅಷ್ಟೆಲ್ಲ ಭಾಷಣ ಮಾಡಿದ ಮನುಷ್ಯ ಪೊರಕೆಗೆ ವಿಭೂತಿ ಹಚ್ಚುವುದುಂಟೇ, ಹೆತ್ತ ತಾಯಿಯ ಮಾನ ಕಾಯಲು ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡ ಮಗ ಈ ಕಾಲದಲ್ಲಿ ಎಲ್ಲಿ ಸಿಗುತ್ತಾನೆ ಎಂದು ಗದ್ಗದಿಸುತ್ತ, ಮಗಳಿಗೆಂದು ತೆಗೆದ ಶಾಲನ್ನು ಅಪ್ಪನಿಗೇ ಹೊದಿಸಿಬಿಟ್ಟರು. ಲಫ್‌ಬರೋದ ಹುಡುಗರು ಎದ್ದು ನಿಂತು ಸೀಟಿ ಹೊಡೆದರು.

"ಇಲ್ಲಾರೀ, ಖರೇನ ನಾನೇ," ಎಂದು ಡಾಕ್ಟರು ಕೂಗಿ ಹೇಳಿದರು. ಚಪ್ಪಾಳೆ ಇನ್ನೂ ಜೋರಾಯಿತು.

ಅವರು ಶಾಲು ಹೊದ್ದುಕೊಂಡೇ ಬಂದು ತಾಯಿಯ ಎದುರು ನಿಂತರು. ಕಾಶೀಬಾಯಿ ಪಕ್ಕದ ಕುರ್ಚಿಯನ್ನು ಮಗನಿಗಾಗಿ ಸರಿಸಿದರು.

"ಕುಂದರಪಾ, ಸಾಕು. ಆ ಫಾರಂ ಹಿಡದಾಕಿ ಕೇಳಿದಾಗ ಹೇಳಿದ್ರ ಎಲ್ಲಾರೂ ನಂಬತಿದ್ರು."

ನಿವೇದಿತಾ ಚಪ್ಪಾಳೆ ತಟ್ಟಿರಲಿಲ್ಲ. ಅವಳು ಪೊರಕೆ ಎತ್ತಿಕೊಂಡು, ಅದನ್ನು ತೊಳೆಯಲು ನಲ್ಲಿಯ ಕಡೆಗೆ ಹೋದಳು.