ಕಾಲು ಮುಂದೆ ಮಾಡಿಕೊಂಡು ಹೋದವಳು

ಆ ಸೈಕಲ್ಲಿನಿಂದ ನಾನು ಒಟ್ಟು ಹದಿನೈದು ಸಲ ಬಿದ್ದಿದ್ದೇನೆ. ಹನ್ನೆರಡು ಸಲ ಬಿದ್ದಾಗ ಯಾರೂ ದೇವರ ಹೆಸರು ಎತ್ತಲಿಲ್ಲ. ಉಳಿದ ಮೂರು ಸಲ ಬಿದ್ದದ್ದು ನಮ್ಮ ಓಣಿಯ ಬಸವಣ್ಣನ ಗುಡಿಯ ಎದುರಿಗೆ. ಇಷ್ಟೆಲ್ಲ ರಂಪವಾದದ್ದು ಆ ಮೂರರಿಂದ.

ನಾನು ಗುರುಬಸವ್ವ, ಬನಹಟ್ಟಿಯವಳು. ರಬಕವಿಯ ನೇಕಾರರ ಸಂಘದಲ್ಲಿ ಹುಡುಗಿಯರಿಗೆ ಕುಣಿಮಗ್ಗ ಕಲಿಸುತ್ತೇನೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಬಗ್ಗಿ ಕೂತು ನೇಯುವ ಮಗ್ಗ ಅದು. ಇಪ್ಪತ್ತಾರು ವರ್ಷ ಹಾಗೆ ಬಗ್ಗಿ ಬಗ್ಗಿ ಬೆನ್ನಿನ ಒಂದು ಮಣಿ ಜಾರಿತು, ಹೋದ ವರ್ಷ ಆಪರೇಷನ್ ಆಯಿತು. ಕಲಿಸಲು ಅಡ್ಡಿಯಿಲ್ಲ, ನಿಂತೇ ಕಲಿಸಬಹುದು. ಆದರೆ ಬಗ್ಗಿ ಸೈಕಲ್ ತುಳಿಯಬೇಡ, ಸ್ಕೂಟರ್ ಮುಟ್ಟಬೇಡ, ಕೂತರೆ ಬೆನ್ನಿಗೆ ಆಸರೆ ಕೊಟ್ಟು ಒರಗಿ ಕೂಡು ಎಂದರು ಡಾಕ್ಟರು. ಟಂಟಂ ಆಟೋದಲ್ಲಿ ಹತ್ತು ಮಂದಿಯ ನಡುವೆ ಮುದುಡಿಕೊಂಡು ಎರಡು ದಿನ ಹೋದೆ. ಮೂರನೆಯ ದಿನ ಹಾಸಿಗೆ ಹಿಡಿದೆ.

ಗಂಡ ಗಿರಮಲ್ಲಪ್ಪ ಬಾಡಗಂಡಿಯ ಸಕ್ಕರೆ ಕಾರ್ಖಾನೆಯಲ್ಲಿದ್ದಾರೆ, ವಾರಕ್ಕೊಮ್ಮೆ ಬರುತ್ತಾರೆ. ಹಾಗಾಗಿ ನನ್ನನ್ನು ಕರೆದೊಯ್ಯುವ ಹೊಣೆಯನ್ನು ಅವರಣ್ಣ, ನಮ್ಮ ಭಾವ ಶಿವಯೋಗೆಪ್ಪನವರು ತಾವೇ ಹೊತ್ತುಕೊಂಡರು. ನೂಲಿನ ವ್ಯಾಪಾರಿ, ಗುಡಿಯ ಕಮಿಟಿಯ ಹಿರಿಯರು, ಮನೆಯಲ್ಲಿ ಕಾರಿದೆ. ಒಳ್ಳೆಯವರೇ. ಆದರೆ ಅವರ ಕಾರು ಅವರ ಮನಸ್ಸು ಬಂದಾಗ ಹೊರಡುತ್ತಿತ್ತು. ಒಂಬತ್ತಕ್ಕೆ ಕ್ಲಾಸು, ಇವರು ಹೊರಡುವುದು ಹನ್ನೊಂದಕ್ಕೆ. ಕೆಲವು ದಿನ "ಇವತ್ತ ಬಿಡವಾ, ಒಂದಿನ ಹೋಗಲಿಕ್ಕಂದ್ರ ಏನ್ ಮಗ್ಗ ಮುರಕೊಂಡ ಬೀಳತೈತಿ?" ಎಂದು ಚಹಾ ಕೇಳುತ್ತಿದ್ದರು. ನಾನು ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು ಹೊಸ್ತಿಲಲ್ಲಿ ನಿಂತಿರುತ್ತಿದ್ದೆ. ನಲವತ್ತಾರು ವರ್ಷದವಳು ಸಾಲೆಯ ಕೂಸಿನ ಹಾಗೆ ಕಾಯುವುದೆಂದರೆ ಮೈಯೆಲ್ಲ ಉರಿಯುತ್ತದೆ. ಕೊನೆಗೆ ಸಂಘದವರು ಹೇಳಿಬಿಟ್ಟರು: ಶ್ರಾವಣದಿಂದ ಹೊಸ ಹುಡುಗಿಯರು ಬರುತ್ತಾರೆ, ದಿನಾ ಒಂಬತ್ತಕ್ಕೆ ಬರುವುದಾದರೆ ಬರ್ರಿ, ಇಲ್ಲವಾದರೆ ಬೇರೆಯವರನ್ನು ನೋಡುತ್ತೇವೆ.

ನನ್ನ ಅಕ್ಕನ ಮಗ ವೀರೇಶನಿಗೆ ಜಮಖಂಡಿಯಲ್ಲಿ ಸೈಕಲ್ ಅಂಗಡಿ ಇದೆ. ಹಿಂದೆ ರೇಸ್ ಹೊಡೆಯುತ್ತಿದ್ದವನು. ಅವನ ಅಂಗಡಿಯ ಛಾವಣಿಗೆ ಒಂದು ವಿಚಿತ್ರ ಸೈಕಲ್ ನೇತಾಡುತ್ತಿತ್ತು. ಅದಕ್ಕೆ ಸೀಟಿನ ಬದಲು ಒರಗುವ ಕುರ್ಚಿ. ಪೆಡಲ್ಲು ಕಾಲ ಕೆಳಗಲ್ಲ, ಕಣ್ಣೆದುರಿಗೆ, ಮುಂದಿನ ಗಾಲಿಯ ಮೇಲೆ. ಚೈನೂ ಮುಂದಿನ ಗಾಲಿಗೇ. ಹ್ಯಾಂಡಲ್ ತಿರುಗಿದರೆ ಪೆಡಲ್ಲೂ ತಿರುಗುತ್ತದೆ. ಮೊಬೈಲಿನಲ್ಲಿ ನೋಡಿ ತಾನೇ ವೆಲ್ಡಿಂಗ್ ಮಾಡಿದ್ದನಂತೆ. ಇದರ ಹೆಸರು ರಿಕಂಬೆಂಟ್ ಎಂದ. ಅಂಗಡಿಗೆ ಬಂದವರೆಲ್ಲ ಅದಕ್ಕೆ ಮಲಗೋ ಸೈಕಲ್ ಎನ್ನುತ್ತಿದ್ದರು.

"ಇಳಸೋ ಅದನ್ನ," ಎಂದೆ.

"ಚಿಗವ್ವಾ, ಬ್ಯಾಡ. ಊರಾನ ರೇಸಿನ ಹುಡುಗರೆಲ್ಲಾ ಬಿದ್ದ ಮಕಾ ಕೆತ್ತಿಸಿಕೊಂಡಾರ. ನನಗ ಇನ್ನೂ ಬರಂಗಿಲ್ಲ."

"ನಾ ರೇಸಿನಾಕಿ ಅಲ್ಲಲ್ಲ. ಇಳಸು."

ಅವರಿಗೆ ಯಾಕೆ ಬರಲಿಲ್ಲ ಎಂಬುದು ನನಗೆ ಐದನೆಯ ಸಲ ಬಿದ್ದಾಗ ತಿಳಿಯಿತು. ಬಲಗಾಲಿನಿಂದ ತಳ್ಳಿದರೆ ಸೈಕಲ್ಲಿನ ಮೂತಿ ಎಡಕ್ಕೆ ಹೊರಳುತ್ತದೆ, ಎಡಗಾಲಿನಿಂದ ತಳ್ಳಿದರೆ ಬಲಕ್ಕೆ. ಯಾವ ಕಾಲು ತಳ್ಳುತ್ತದೋ ಅದೇ ಕಡೆಯ ಕೈ ಹ್ಯಾಂಡಲ್ಲನ್ನು ತನ್ನ ಕಡೆ ಎಳೆದುಕೊಳ್ಳಬೇಕು. ರೇಸಿನವರು ಕೈ ಸಡಿಲ ಬಿಟ್ಟು ಕಾಲಿನ ಮೇಲೆ ಜೋರು ಮಾಡುವವರು, ಅದಕ್ಕೇ ಬಿದ್ದರು. ನಾನಾದರೋ ಕಾಲಿನಿಂದ ಮಗ್ಗದ ಹಲಗೆ ಒತ್ತಿ, ಅದೇ ಗಳಿಗೆಗೆ ಕೈಯಿಂದ ಲಾಳಿ ಓಡಿಸುತ್ತ ಬದುಕಿದವಳು. ಕೈಗೂ ಕಾಲಿಗೂ ಒಂದೇ ಲಯ ಇರಬೇಕೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಜೀವನದಲ್ಲಿ ಮೊದಲ ಸಲ ಚೂಡಿದಾರ ತೊಟ್ಟೆ. ಸಾಲೆಯ ಮೈದಾನದಲ್ಲಿ ಮೊದಲು ಕಾಲು ನೆಲಕ್ಕಿಟ್ಟು ಇಳಿಜಾರಿನಲ್ಲಿ ಉರುಳಿದೆ, ಆಮೇಲೆ ಒಂದೇ ಕಾಲು, ಆಮೇಲೆ ಎರಡೂ. ಹನ್ನೊಂದು ಸಲ ಬಿದ್ದು ಎದ್ದ ಮೇಲೆ, ಹನ್ನೆರಡನೆಯ ದಿನ ಮೈದಾನವನ್ನು ನಾಲ್ಕು ಸುತ್ತು ಹಾಕಿದೆ. ವೀರೇಶ ಬಾಯಿ ತೆರೆದು ನಿಂತಿದ್ದ. ಬೆನ್ನು ಒಂದಿಷ್ಟೂ ನೋಯಲಿಲ್ಲ. ಸಂತೋಷಕ್ಕೆ ಅತ್ತುಬಿಟ್ಟೆ, ಅದರಲ್ಲಿ ಮುಚ್ಚಿಡುವುದೇನು?

ಆಮೇಲೆ ಅದನ್ನು ನೆಟ್ಟಗೆ ಮಾಡಲು ಕೂತೆವು. ಕುರ್ಚಿ ಎಂದರೆ ಮುರುಕು ಪ್ಲಾಸ್ಟಿಕ್ಕು, ಬೆನ್ನು ಬೆವೆತು ಅಂಟುತ್ತಿತ್ತು. ಅದನ್ನು ಕಿತ್ತೆಸೆದು, ಕಬ್ಬಿಣದ ಚೌಕಟ್ಟಿಗೆ ಮಂಚಕ್ಕೆ ಹೆಣೆಯುವ ನವಾರ ಪಟ್ಟಿಯನ್ನು ನಾನೇ ಬಿಗಿದು ಹೆಣೆದೆ. ರಬಕವಿಯ ದಾರಿಯ ಕಾಲುವೆಯ ಏರಿನಲ್ಲಿ ಒಂದೇ ಗೇರಿಗೆ ತೊಡೆ ಸೋಲುತ್ತಿತ್ತು, ವೀರೇಶ ಏಳು ಗೇರಿನದು ಹಾಕಿಕೊಟ್ಟ. ಖಡಿ ಕಲ್ಲು ಬಿದ್ದ ಏರಿನಲ್ಲಿ ಇನ್ನೊಂದು ಫಜೀತಿ. ನನ್ನ ಭಾರವೆಲ್ಲ ಹಿಂದೆ, ಎಳೆಯುವ ಗಾಲಿ ಮುಂದೆ, ಅದು ನಿಂತಲ್ಲೇ ಗಿರಗಿರ ತಿರುಗುತ್ತಿತ್ತು. ಕುರ್ಚಿಯನ್ನು ನಾಲ್ಕು ಬೆರಳು ಮುಂದೆ ಸರಿಸಿ, ದಪ್ಪ ಟೈರು ಹಾಕಿ, ಡಿಸ್ಕ್ ಬ್ರೇಕ್ ಕೂಡಿಸಿದ. ಆಗ ಅದು ನನ್ನ ಸೈಕಲ್ ಆಯಿತು.

ಓಣಿಯಲ್ಲಿ ಮೊದಲ ದಿನ ಹೊರಟಾಗ ಮಂದಿ ನಕ್ಕರು. ನಗಲಿ, ಹಲ್ಲು ಅವರವು. ಆದರೆ ಗುಡಿಯ ಎದುರಿಗೆ ಬಂದಾಗ ಧೊಪ್ಪೆಂದು ಬಿದ್ದೆ. ಮರುದಿನವೂ ಅಲ್ಲೇ. ಮೂರನೆಯ ದಿನ ಗುಡಿಯ ಕಟ್ಟೆಯ ಮೇಲೆ ಕೂತವರು ಬೀಳುವುದನ್ನು ನೋಡಲೆಂದೇ ಬಂದಿದ್ದರು, ಅವರ ಆಸೆಯನ್ನೂ ಪೂರೈಸಿದೆ. ಭಾವ ಬಂದು ಎಬ್ಬಿಸಿದರು. ಎಬ್ಬಿಸಿ, ಎಲ್ಲರ ಮುಂದೆ ಹೇಳಿದರು:

"ಅಂಗಾಲ ಎತ್ತಿ ಬಸವಣ್ಣಗ ತೋರ್ಸಕೋತ ಹೊಂಟಿ. ಅಂವ ಕೆಡವದ ಬಿಡ್ತಾನ? ಸೋಮವಾರದಿಂದ ನನ್ನ ಕಾರಿನ್ಯಾಗ ಬಾ. ಇಲ್ಲಾ ಹಿಂದಿನ ಸಂದಿಯಿಂದ ಹೋಗು. ಗುಡಿ ಮುಂದ ಈ ಆಟ ನಡಿಯಂಗಿಲ್ಲ."

ಹಿಂದಿನ ಸಂದಿ ಎಂದರೆ ಹಂದಿಯೂ ಕಾಲಿಡಲು ಯೋಚಿಸುವಂಥ ಗಟಾರು. ಮಂಡಿ ಸುಲಿದಿತ್ತು, ಸೈಕಲ್ ತಳ್ಳಿಕೊಂಡು ಹೊರಟೆ. ಖರೆ ಹೇಳಬೇಕೆಂದರೆ ಅಂದು ನನಗೂ ಅಳುಕಾಯಿತು. ಕಾಲುವೆಯ ಏರಿನಲ್ಲಿ ಬೀಳದವಳು, ಲಾರಿ ಪಕ್ಕಕ್ಕೆ ಬಂದರೂ ಬೀಳದವಳು ಗುಡಿಯ ಎದುರಿಗೇ ಯಾಕೆ ಬೀಳುತ್ತೇನೆ? ನಾಳಿದ್ದು ಸೋಮವಾರ ಹೊಸ ಹುಡುಗಿಯರ ಮೊದಲ ಕ್ಲಾಸು.

ಭಾನುವಾರ ಬೆಳಿಗ್ಗೆ ಯಾರಿಗೂ ಹೇಳದೆ ಸೈಕಲ್ ತೆಗೆದುಕೊಂಡು ತೇರದಾಳದ ರಸ್ತೆಗೆ ಹೋದೆ. ಎರಡು ಮೈಲಿ ಬಾಣದ ಹಾಗೆ ಹೋದೆ. ಎದುರಿಗೆ ಮುತ್ತವ್ವಾಯಿ ಬರುತ್ತಿದ್ದಳು. ನನಗೆ ಮಗ್ಗ ಕಲಿಸಿದ ಮುದುಕಿ, ಎಂಬತ್ತರ ಮೇಲಿನವಳು. ಅವಳನ್ನು ನೋಡಿದೆನೋ ಇಲ್ಲವೋ, ಸೀದಾ ಕಬ್ಬಿನ ಗದ್ದೆಯ ಬದಿಯ ಹಳ್ಳಕ್ಕೆ ಬಿದ್ದೆ.

ಕೆಸರಿನಲ್ಲಿ ಕೂತು ನೋಡುತ್ತೇನೆ, ನನ್ನ ಬಲಗೈ ಇನ್ನೂ ಹಣೆಯ ಹತ್ತಿರ ಇದೆ.

"ಯವ್ವಾ, ಬಿದ್ದೇನ?" ಎಂದಳು ಆಯಿ. "ಬೀಳೂ ಹೊತ್ತಿನ್ಯಾಗೂ ಶರಣು ಮಾಡ್ತೀಯಲ್ಲೇ ಹುಚ್ಚಿ!"

ಹಳ್ಳದಲ್ಲಿ ಕೂತೇ ಹೊಟ್ಟೆ ಹಿಡಿದುಕೊಂಡು ನಕ್ಕೆ. ಹಿರಿಯರನ್ನು ಕಂಡರೆ, ಗುಡಿ ಕಂಡರೆ, ಕೈ ತಾನೇ ಎದ್ದು ಹಣೆಗೆ ಹೋಗುತ್ತದೆ. ಹುಟ್ಟಿದಾಗಿನಿಂದ ಹಾಗೆಯೇ. ಆಪರೇಷನ್ನಿಗೆ ಮೊದಲು ತುಳಿಯುತ್ತಿದ್ದ ಹಳೆಯ ಸೈಕಲ್ಲಿನ ಮೇಲಿದ್ದಾಗಲೂ ಒಂದು ಕೈ ಬಿಟ್ಟು ಮುಗಿಯುತ್ತಿದ್ದೆ, ಏನೂ ಆಗುತ್ತಿರಲಿಲ್ಲ. ಈ ಸೈಕಲ್ಲಿನಲ್ಲಿ ಕಾಲು ತಳ್ಳುತ್ತಿರುವಾಗ ಕೈ ಎದ್ದರೆ ಎಳೆದು ಹಿಡಿಯುವವರಿಲ್ಲ, ಮೂತಿ ಹೊರಳುತ್ತದೆ, ನಾನು ನೆಲಕ್ಕೆ. ಬಸವಣ್ಣ ಪಾಪ, ಏನೂ ಮಾಡಿರಲಿಲ್ಲ. ನನ್ನ ಭಕ್ತಿಯೇ ನನ್ನನ್ನು ಕೆಡವುತ್ತಿತ್ತು.

ಆಯಿಗೆ ಎಲ್ಲ ಹೇಳಿದೆ. ಅವಳು ನನ್ನ ಕೈಯನ್ನು ಹ್ಯಾಂಡಲ್ಲಿನ ಮೇಲಿಟ್ಟು, "ಇಲ್ಲೇ ಇರಲಿ. ನನಗೇನ ನಿನ್ನ ಶರಣಿಲ್ಲದ ಊಟ ಸೇರಂಗಿಲ್ಲಾ?" ಎಂದು ನಡೆದುಹೋದಳು. ಆ ದಿನವೆಲ್ಲ ನಾನು ರಸ್ತೆಯಲ್ಲಿ ಸಿಕ್ಕ ಹಿರಿಯರ ಮುಂದೆ ಕೈ ಎತ್ತದೆ ಹೋಗುವುದನ್ನು ಕಲಿತೆ. ಸೈಕಲ್ ಕಲಿಯುವುದಕ್ಕಿಂತ ಅದೇ ಕಷ್ಟವಾಯಿತು.

ಸೋಮವಾರ ಎಂಟೂವರೆಗೆ ಹೊರಟೆ. ಕಟ್ಟೆ ತುಂಬಿತ್ತು. ಬೀಳುತ್ತೇನೆಂದು ಎಲ್ಲರೂ ಕಾದಿದ್ದರು. ಗುಡಿ ಎದುರಿಗೆ ಬಂತು. ಬಲಗೈ ಹಸಿದ ಕೂಸಿನ ಹಾಗೆ ಚಡಪಡಿಸಿತು. ಹ್ಯಾಂಡಲ್ ಹಿಡಿದು ಗಟ್ಟಿಯಾಗಿ ಒತ್ತಿದೆ. ಬೀಳಲಿಲ್ಲ. ಆಗ ಭಾವ ಕಟ್ಟೆಯಿಂದಿಳಿದು ರಸ್ತೆಯ ನಡುವೆ ಬಂದು ನಿಂತರು. ಬ್ರೇಕ್ ಹಿಡಿದೆ. ಒಂದು ಕಾಲು ನೆಲಕ್ಕಿಟ್ಟೆ. ಇನ್ನೊಂದು ಪೆಡಲ್ಲಿನ ಮೇಲೆ, ಅವರ ಧೋತರಕ್ಕೆ ಒಂದು ಮೊಳ ದೂರದಲ್ಲಿ ಇತ್ತು.

"ಕೈ ಸೈತ ಮುಗೀಲಿಲ್ಲ," ಎಂದರು. "ದೇವರಿಗೂ ಕಾಲು, ಹಿರ್ಯಾರಿಗೂ ಕಾಲು. ಇಷ್ಟು ಸೊಕ್ಕ ಎಲ್ಲಿಂದ ಬಂತ ನಿನಗ?"

ಆ ಕಾಲನ್ನು ಇಳಿಸಬೇಕೆನ್ನಿಸಿತು. ಮದುವೆಯಾಗಿ ಬಂದಾಗಿನಿಂದ ಅವರೆದುರು ಕುರ್ಚಿಯ ಮೇಲೆ ಕೂತವಳಲ್ಲ ನಾನು. ಆದರೂ ಇಳಿಸಲಿಲ್ಲ. ಚೂಡಿದಾರದ ಒಳಗೆ ಕೊರಳಿಗೆ ಕಟ್ಟಿದ ಲಿಂಗದ ಮೇಲೆ ಕೈಯಿಟ್ಟೆ.

"ಶಿವ ಇಲ್ಲಿ ಅದಾನ್ರಿ ಭಾವಾರ, ನನ್ನ ಎದಿ ಮ್ಯಾಲ. ಅವಗ ನನ್ನ ಕಾಲ ಕಾಣಂಗಿಲ್ಲ. ನನ್ನ ಕೂಡ ಒರಗೇ ಹೊಂಟಾನ, ದಿನಾ ಹೋಗಾಂವ ಅದಾನ. ಒಂಬತ್ತಕ್ಕ ಕ್ಲಾಸ್ ಐತಿ. ಇಬ್ಬರಿಗೂ ದಾರಿ ಬಿಡ್ರಿ."

ಭಾವ ನನ್ನ ಮುಖ ನೋಡಿದರು, ಎದೆಯ ಮೇಲಿದ್ದ ಕೈ ನೋಡಿದರು. ಅವರ ಕೈಯೂ ತಮ್ಮ ಅಂಗಿಯೊಳಗಿನ ಲಿಂಗದ ಕಡೆ ಹೋಯಿತು. ಪಕ್ಕಕ್ಕೆ ಸರಿದರು.

ನಿಂತಲ್ಲಿಂದ ಹೊರಡುವುದೇ ಈ ಸೈಕಲ್ಲಿನ ಅತಿ ಕಷ್ಟದ ಕೆಲಸ, ಬೀಳುವುದಿದ್ದರೆ ಆಗಲೇ. ಎಲ್ಲರಿಗೂ ಅದು ಗೊತ್ತಿತ್ತು. ಬಲಗಾಲಿನಿಂದ ತಳ್ಳಿದೆ, ಬಲಗೈಯಿಂದ ಎಳೆದೆ. ಮೂತಿ ಒಮ್ಮೆ ತೂಗಾಡಿತು. ಎಡಗಾಲು, ಎಡಗೈ. ನೆಟ್ಟಗಾಯಿತು. ಭಾವನ ಪಕ್ಕದಿಂದಲೇ ಹೋದೆ, ಹಿಂದಿರುಗಿ ನೋಡಲಿಲ್ಲ. ಒಂಬತ್ತಕ್ಕೆ ಆರು ನಿಮಿಷವಿರುವಾಗ ರಬಕವಿಯಲ್ಲಿ ತರಬೇತಿ ಕೋಣೆಯ ಬೀಗವನ್ನು ನಾನೇ ತೆಗೆದೆ.