ಹಣೆಯ ಮೇಲಿನ ನೀರು

ಆ ವಾರ್ಡಿನಲ್ಲಿ ನಗು ಎದ್ದರೆ ಅದು ಕಿಟಕಿ ಪಕ್ಕದ ಎರಡು ಮಂಚಗಳಿಂದಲೇ ಏಳಬೇಕು. ಒಂದರಲ್ಲಿ ಗಡಿಯಾರ ರಿಪೇರಿಯ ತಾತ, ಯಹೂದಿ. ಇನ್ನೊಂದರಲ್ಲಿ ಜೀವಮಾನವೆಲ್ಲ ಬಸ್ಸು ಓಡಿಸಿ ಹೊಗೆ ಕುಡಿದು ಶ್ವಾಸಕೋಶ ಹಾಳು ಮಾಡಿಕೊಂಡಿದ್ದ ಡ್ರೈವರ್ ಚಾಚಾ, ಮುಸಲ್ಮಾನ. ವಾಸಿಯಾಗುವ ಆಸೆ ಬಿಟ್ಟವರನ್ನು ಕೊನೆತನಕ ನೋಡಿಕೊಳ್ಳುವ ಆಸ್ಪತ್ರೆ ಅದು. ಇಬ್ಬರಿಗೂ ಅದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬೆಳಗಾದರೆ ಶುರು ಹಚ್ಚಿಕೊಳ್ಳುತ್ತಿದ್ದರು.

"ಅಬ್ರಹಾಮ ಬಲಿ ಕೊಡೋಕೆ ಬೆಟ್ಟಕ್ಕೆ ಕರಕೊಂಡು ಹೋಗಿದ್ದು ಮಗ ಇಸಾಕನನ್ನ," ಎನ್ನುವರು ತಾತ.

"ಅಲ್ಲವೇ ಅಲ್ಲ, ಇಸ್ಮಾಯಿಲರನ್ನ," ಎಂದು ಚಾಚಾ ದಿಂಬಿನಿಂದ ತಲೆ ಎತ್ತುವರು.

"ಯಾರಾದ್ರೇನು, ಹುಡುಗ ಉಳಕೊಂಡನಲ್ಲ. ಈಗ ಬಾಯಿ ತೆಗೀರಿ, ಮಾತ್ರೆ," ಎಂದು ನಡುವೆ ನುಗ್ಗುವವಳು ದೊಡ್ಡ ಸಿಸ್ಟರ್. ವಾರ್ಡಿನ ಹಿರಿಯ ನರ್ಸು. ಭಾನುವಾರದ ಪೂಜೆ ತಪ್ಪಿಸದ ಕ್ರೈಸ್ತಳು. ಮೂರು ಧರ್ಮವೂ ಒಂದೇ ಅಜ್ಜನ ಮೊಮ್ಮಕ್ಕಳು, ದೇವರೊಬ್ಬನೇ, ಇದರಲ್ಲಿ ಜಗಳವೇನು ಬಂತು ಎಂದು ಅವಳು ಎಲ್ಲರೆದುರೂ ಹೇಳುತ್ತಿದ್ದಳು. ಹಾಗೆ ಹೇಳುವುದರಲ್ಲಿ ಅವಳಿಗೊಂದು ಹೆಮ್ಮೆಯೂ ಇತ್ತು.

ಒಂದು ದಿನ ಚಾಚಾ ಹೇಳಿದರು: "ನೋಡಿ ಸಿಸ್ಟರ್, ಯೇಸು ಬಂದು ಹೋದ್ರು, ಮತ್ತೆ ಬರ್ತಾರೆ ಅಂತೀರಿ ನೀವು. ನಾವೂ ಅವರೇ, ನಮ್ಮ ಈಸಾ ಪೈಗಂಬರ್, ಮತ್ತೆ ಬರ್ತಾರೆ ಅಂತೀವಿ, ದೇವರ ಮಗ ಅಂತ ಮಾತ್ರ ಒಪ್ಪಲ್ಲ. ಈ ತಾತ ಕಾಯ್ತಿರೋ ರಕ್ಷಕನ ಮೊದಲನೇ ಬಸ್ಸೇ ಇನ್ನೂ ಬಂದಿಲ್ಲ. ಒಟ್ನಲ್ಲಿ ಮೂರೂ ಜನ ಒಂದೇ ಸ್ಟಾಪಲ್ಲಿ ನಿಂತಿದ್ದೀವಿ."

"ನಿಂತಿರೋದು ನಿಜ ಕಣಯ್ಯ," ಎಂದರು ತಾತ. "ನನ್ನನ್ನ ತಳ್ಳಿ ನಿಮ್ಮ ಬಸ್ಸಿಗೆ ಹತ್ತಿಸಬೇಡಿ, ಅಷ್ಟು ಸಾಕು."

ಎಲ್ಲರಿಗಿಂತ ಜೋರಾಗಿ ನಕ್ಕವಳು ದೊಡ್ಡ ಸಿಸ್ಟರೇ.

ಅದಾಗಿ ಕೆಲವೇ ದಿನಕ್ಕೆ ತಾತನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಿತ್ತು, ಮಾತು ನಿಂತಿತು. ದೂರದ ದೇಶದಲ್ಲಿದ್ದ ಮಗಳಿಗೆ ಫೋನು ಹೋಯಿತು. ಹೊರಟಿದ್ದೀನಿ, ಅಲ್ಲಿತನಕ ಅಪ್ಪನಿಗೆ ಕೀರ್ತನೆ ಓದಿ ಹೇಳಿ ಸಿಸ್ಟರ್, ಅವರಿಗೆ ಅದು ಇಷ್ಟ ಎಂದು ಅವಳು ಅತ್ತಳು. ದೊಡ್ಡ ಸಿಸ್ಟರಿಗೆ ಇದಕ್ಕಿಂತ ಸಂತೋಷದ ಕೆಲಸ ಉಂಟೇ? ಯಹೂದಿಗಳ ಆ ಕೀರ್ತನೆಗಳು ಬೈಬಲಿನಲ್ಲೂ ಇದ್ದವು, ಅವಳಿಗೂ ಬಾಯಿಪಾಠ. ಕೆಲಸ ಮುಗಿದ ಮೇಲೆ ಸ್ಟೂಲು ಎಳೆದುಕೊಂಡು ಕೂತು ಓದುವಳು. ತಾತ ಕಣ್ಣು ಮುಚ್ಚಿ, ಎಡಗೈ ಬೆರಳಿನಿಂದ ಹೊದಿಕೆಯ ಮೇಲೆ ಮೆಲ್ಲಗೆ ತಟ್ಟುತ್ತ ಕೇಳುವರು.

ಮೂರನೆಯ ಮಧ್ಯಾಹ್ನ ಉಸಿರು ಏರುಪೇರಾಗತೊಡಗಿತು. ಡಾಕ್ಟರು ನೋಡಿ, ಇನ್ನು ಹೆಚ್ಚು ಹೊತ್ತಿಲ್ಲ ಎಂದು ಹೋದರು. ಸಿಸ್ಟರ್ ಓದುತ್ತಲೇ ಇದ್ದಳು, ಆದರೆ ಮನಸ್ಸು ಓದಿನ ಮೇಲಿರಲಿಲ್ಲ. ಇಷ್ಟು ಒಳ್ಳೆಯ ಮನುಷ್ಯ, ಹೀಗೇ ಹೋಗಿಬಿಟ್ಟರೆ ಸ್ವರ್ಗ ಸಿಕ್ಕೀತೆ? ಸಾಯುವವರ ಬಳಿ ಚರ್ಚಿನ ಗುರುಗಳಿಲ್ಲದಿದ್ದರೆ ಯಾರು ಬೇಕಾದರೂ ನೀರು ಬಿಟ್ಟು, ಕ್ರೈಸ್ತರಾಗಿಸುವ ದೀಕ್ಷಾಸ್ನಾನ ಕೊಡಬಹುದು ಎಂದು ಅಜ್ಜಿ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದಳು. ಅವಳು ಆಚೀಚೆ ನೋಡಿದಳು. ತುಟಿ ಒದ್ದೆ ಮಾಡಲು ಇಟ್ಟಿದ್ದ ಬಟ್ಟಲಿಗೆ ಬೆರಳದ್ದಿದಳು. ತಾತನ ಹಣೆಯ ಮೇಲೆ ನೀರು ಬಿಟ್ಟು, ಪಿತ, ಸುತ, ಪವಿತ್ರಾತ್ಮರ ಹೆಸರನ್ನು ಪಿಸುಗುಟ್ಟಿದಳು.

ತಾತ ಕಣ್ಣು ತೆರೆದರು.

ಅವರ ಎಡಗೈ ಹೊದಿಕೆಯ ಮೇಲೆ ತೆವಳಿತು. ಮೊಣಕೈ ಮಡಚಲು ಅವರು ಪಟ್ಟ ಪಾಡು ನೋಡಲಾಗುತ್ತಿರಲಿಲ್ಲ. ಹೇಗೋ ಹೊದಿಕೆಯ ಅಂಚನ್ನು ಎಳೆದು ತಂದು ಹಣೆಗೆ ಒತ್ತಿದರು, ಉಜ್ಜಿದರು. ಮತ್ತೆ ಉಜ್ಜಿದರು. ಆಮೇಲೆ ಗೋಡೆ ಕಡೆ ಮುಖ ತಿರುಗಿಸಿದರು.

ಅವಳು ಎದ್ದು ನಿಂತಳು. ಪಕ್ಕದ ಮಂಚದಲ್ಲಿ ಚಾಚಾ ಕಣ್ಣು ಬಿಟ್ಟುಕೊಂಡೇ ಮಲಗಿದ್ದರು.

ಅಂದು ಸಂಜೆ ನೇರ ಚರ್ಚಿಗೆ ಹೋಗಿ ಪಾಪನಿವೇದನೆ ಮಾಡಿದಳು. ಜಾಲರಿಯ ಆಚೆಯಿಂದ ಗುರುಗಳು ನಿಟ್ಟುಸಿರುಬಿಟ್ಟರು. "ಒಪ್ಪಿಗೆ ಇಲ್ಲದ ಸ್ನಾನ ಸ್ನಾನವೇ ಅಲ್ಲಮ್ಮ, ಅದು ಬರೀ ನೀರು. ಮಾಡಬಾರದಿತ್ತು. ಮನಸಾರೆ ಪಶ್ಚಾತ್ತಾಪ ಪಟ್ಟಿದ್ದೀಯ, ದೇವರು ಕ್ಷಮಿಸಿದಾನೆ. ಸಮಾಧಾನದಿಂದ ಹೋಗು." ಹೋದಳು. ಮೆಟ್ಟಿಲಿಳಿಯುವಾಗ ಹಗುರವೆನಿಸಿತು. ಮರುದಿನ ವಾರ್ಡಿನ ಬಾಗಿಲು ತಳ್ಳಿದೊಡನೆ ಎದೆಯ ಮೇಲೆ ಮತ್ತೆ ಕಲ್ಲು. ಬರೀ ನೀರು ಎಂದು ಗುರುಗಳಿಗೆ ಗೊತ್ತಿತ್ತು, ಉಜ್ಜಿಕೊಂಡ ತಾತನಿಗೆ?

ತಾತನ ಜೀವ ಇನ್ನೂ ಅಂಟಿಕೊಂಡಿತ್ತು. ಅವಳು ಚಾಚಾನ ಆಕ್ಸಿಜನ್ ಕೊಳವೆ ಸರಿಮಾಡುವ ನೆವದಲ್ಲಿ ಬಗ್ಗಿದಳು.

"ನೋಡಿದ್ರಲ್ಲ ಚಾಚಾ. ಗುರುಗಳ ಹತ್ರ ಹೇಳ್ಕೊಂಡೆ. ದೇವರು ಕ್ಷಮಿಸಿದಾನೆ ಅಂದ್ರು."

"ದೇವರದ್ದು ದೇವರು ಕ್ಷಮಿಸ್ತಾನಮ್ಮ." ಚಾಚಾ ಉಸಿರು ಕೂಡಿಸಿಕೊಂಡರು. "ನಮ್ಮಲ್ಲಿ ಹೇಳೋದು, ಮನುಷ್ಯನಿಂದ ಕಿತ್ಕೊಂಡಿದ್ದನ್ನ ಆ ಮನುಷ್ಯನೇ ಬಿಟ್ಟುಕೊಡಬೇಕು. ಮುಚ್ಚಿಟ್ಟ ತಪ್ಪನ್ನ ಊರಿಗೆಲ್ಲ ಸಾರಬೇಡ ಅಂತಲೂ ಹೇಳ್ತಾರೆ. ಆದ್ರೆ ಇದು ತಾತನಿಂದ ಮುಚ್ಚಿಟ್ಟಿದ್ದಲ್ಲವಲ್ಲ. ಹೋಗಿ ಕೇಳು. ಕಿವಿ ಕೇಳಿಸ್ತದೆ ಅವರಿಗೆ."

ಕೇಳಬೇಕೆಂದೇ ಹೊರಟಳು. ಆಗ ತಾತ ಮಂಪರಿನಲ್ಲಿದ್ದರು, ಎಬ್ಬಿಸುವುದು ಬೇಡವೆನಿಸಿತು. ಎಚ್ಚರಾದಾಗ ಡಾಕ್ಟರಿದ್ದರು. ಡಾಕ್ಟರು ಹೋದಾಗ ಬೇರೆ ಮಂಚದವರು ಕರೆದರು. ಅವಳೂ ಕರೆದಲ್ಲಿಗೆಲ್ಲ ಓಡಿ ಓಡಿ ಹೋದಳು. ನಾಳೆ, ಎಂದುಕೊಂಡಳು. ಮರುದಿನ ಡ್ಯೂಟಿಗೆ ಬರುವಷ್ಟರಲ್ಲಿ ತಾತನ ಮಂಚದ ಹಾಸಿಗೆ ಮಡಚಿಟ್ಟಿದ್ದರು.

ಮಗಳು ಬಂದಿದ್ದು ಅದಾದ ಮೇಲೆ. ಬಂದವಳೇ ದೊಡ್ಡ ಸಿಸ್ಟರಿನ ಎರಡೂ ಕೈ ಹಿಡಿದುಕೊಂಡಳು. "ನನ್ನ ಬದಲು ನೀವು ಮಗಳಾದ್ರಿ. ನಿಮ್ಮ ಉಪಕಾರ ಮರೆಯಲ್ಲ ಸಿಸ್ಟರ್." ಆ ಮಾತು ತಡೆಯಲಾಗಲಿಲ್ಲ. ಬಟ್ಟೆ ಕಪಾಟುಗಳ ಸಣ್ಣ ಕೋಣೆಗೆ ಕರೆದೊಯ್ದು ಎಲ್ಲವನ್ನೂ ಹೇಳಿಬಿಟ್ಟಳು.

ಮಗಳು ಕೈ ಬಿಟ್ಟಳು.

"ಅಪ್ಪನಿಗೆ ಗೊತ್ತಾಯ್ತಾ?"

"ಗೊತ್ತಾಯ್ತು. ಒರೆಸ್ಕೊಂಡ್ರು."

"ಇದ್ದ ಒಂದೇ ಕೈಲಿ?"

ಸಿಸ್ಟರ್ ಹೌದೆಂದು ತಲೆಯಾಡಿಸಿದಳು. ಮಗಳು ಮಡಚಿಟ್ಟ ಹಾಸುಗಳ ಕಡೆ ಮುಖ ತಿರುಗಿಸಿದಳು. "ಅವರಿಗೆ ಮಾತು ಬರ್ತಿದ್ದಾಗ ನೀವು ಇದನ್ನ ಮಾಡ್ತಿದ್ರಾ?"

"ಇಲ್ಲ."

"ನಮ್ಮ ಅಜ್ಜನ ಅಜ್ಜಂದಿರು ಬಲವಂತದ ಈ ನೀರಿಗೆ ಹೆದರಿ ಊರು ಬಿಟ್ಟೋರು ಸಿಸ್ಟರ್."

"ನನ್ನನ್ನ ಕ್ಷಮಿಸ್ತೀರಾ?"

"ನಾನು ಹೇಗೆ ಕ್ಷಮಿಸಲಿ? ಅದು ಅಪ್ಪನದ್ದು." ಅವಳ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. "ನಮ್ಮಲ್ಲಿ ಸತ್ತವರಿಗೆ ಅನ್ಯಾಯ ಮಾಡಿದವರು ಹತ್ತು ಜನರನ್ನ ಗೋರಿ ಹತ್ರ ಕರಕೊಂಡು ಹೋಗಿ, ಎಲ್ಲರೆದುರು ಬಾಯಿಬಿಟ್ಟು ಹೇಳ್ತಾರೆ. ನೀವು ನಮ್ಮವರಲ್ಲ, ಹಾಗೆ ಮಾಡಿ ಅಂತ ನಾನು ಹೇಳಲ್ಲ."

"ಮಾಡ್ತೀನಿ," ಎಂದಳು ಸಿಸ್ಟರ್.

ಮಣ್ಣು ಮಾಡಿದ ಮುಂದಿನ ವಾರ ಮಗಳೇ ಹತ್ತು ಜನರನ್ನು ಸೇರಿಸಿದಳು. ಮುದುಕರೇ ಹೆಚ್ಚು, ತಾತನ ಅಂಗಡಿಯಲ್ಲಿ ಕೂತು ಹರಟೆ ಹೊಡೆಯುತ್ತಿದ್ದವರು. ಚರ್ಚಿನಲ್ಲಾದರೆ ಕತ್ತಲೆಯಿತ್ತು, ಜಾಲರಿಯಿತ್ತು, ಪಿಸುಮಾತು ಸಾಕಿತ್ತು. ಇಲ್ಲಿ ಹಗಲು ಬಿಸಿಲು, ಹಸಿ ಮಣ್ಣು, ನೇರ ಮುಖ ನೋಡುವ ಕಣ್ಣುಗಳು. ಸಿಸ್ಟರ್ ಬಾಯಿಬಿಟ್ಟಳು. ಮೊದಲ ಸಲ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಒಬ್ಬರು ಕಿವಿಗೆ ಕೈ ಅಡ್ಡ ಹಿಡಿದು, "ಸ್ವಲ್ಪ ಜೋರಾಗಿ ಹೇಳಮ್ಮ," ಎಂದರು.

ಜೋರಾಗಿ ಹೇಳಿದಳು. "ದೇವರಿಗೂ ಈ ತಾತನಿಗೂ ತಪ್ಪು ಮಾಡಿದೀನಿ. ಅವರಿಗೆ ಮಾತು ನಿಂತಿದ್ದಾಗ, ಅವರದಲ್ಲದ ನಂಬಿಕೇನ ಅವರ ಹಣೆ ಮೇಲೆ ಹಾಕಿದೆ. ಎಲ್ಲರೂ ಒಂದೇ ಅಂತ ಬಾಯಲ್ಲಿ ಹೇಳ್ತಿದ್ದೆ. ಒಳಗೆ, ನಮ್ಮದೇ ಸರಿ, ಇವರದ್ದು ಅರ್ಧಂಬರ್ಧ ಅಂದ್ಕೊಂಡಿದ್ದೆ. ಕ್ಷಮೆ ಕೇಳೋಕೆ ಸಮಯ ಇತ್ತು. ನಾಚಿಕೆಗೆ ಅದನ್ನೂ ಕಳಕೊಂಡೆ."

ಹಿರಿಯರೊಬ್ಬರು ಮುಂದೆ ಬಂದು, "ನಿನಗೆ ಕ್ಷಮೆ ಇರಲಿ," ಎಂದರು. ಉಳಿದವರೂ ಒಬ್ಬೊಬ್ಬರಾಗಿ ಅಂದರು. ಕೊನೆಯಲ್ಲಿ ನಿಂತಿದ್ದ ಬಿಳಿ ಗಡ್ಡದವರು ಮಾತ್ರ ತುಟಿ ಬಿಚ್ಚಲಿಲ್ಲ. ಅವಳ ಮುಖ ನೋಡಿ, ಟೋಪಿ ಸರಿಮಾಡಿಕೊಂಡು, ಗೇಟಿನ ಕಡೆ ನಡೆದರು. ಮಗಳು ಅವಳ ಜತೆ ರಸ್ತೆವರೆಗೆ ಬಂದಳು. ಕೈ ಕೊಡಲಿಲ್ಲ. "ಬಂದ್ರಲ್ಲ," ಎಂದಷ್ಟೇ ಹೇಳಿ ಹಿಂತಿರುಗಿದಳು.

ವಾರ್ಡಿಗೆ ಬರುವ ಮೊದಲೇ ಆಸ್ಪತ್ರೆಯ ಮುಖ್ಯಸ್ಥೆಗೂ ವಿಷಯ ತಿಳಿಸಿದಳು. ಹಾಸಿಗೆ ಪಕ್ಕ ಕೂರುವ ಕೆಲಸದಿಂದ ಅವಳನ್ನು ತೆಗೆದು ಔಷಧಿ ಕೋಣೆಗೆ ಹಾಕಿದರು. ಅವಳು ಎದುರಾಡಲಿಲ್ಲ.

ಚಾಚಾನಿಗೆ ಹೇಳಿ ಹೋಗಲು ಬಂದು, ಗೋರಿ ಬಳಿ ನಡೆದದ್ದನ್ನು ತಿಳಿಸಿದಾಗ ಅವರು ಕೇಳಿದರು: "ಕ್ಷಮೆ ಇರಲಿ ಅಂತ ಎಲ್ಲರೂ ಅಂದ್ರಾ?"

"ಒಬ್ರು ಅನ್ನಲಿಲ್ಲ."

"ಅದು ಅವರ ಹಕ್ಕು, ಮಗಳೇ," ಎಂದು ಚಾಚಾ ಕಣ್ಣು ಮುಚ್ಚಿದರು.

ಹೌದು, ಎಂದಳು ಅವಳು. ಈಗಲೂ ಭಾನುವಾರ ಚರ್ಚಿನಲ್ಲಿ ಎಲ್ಲರೂ ನಮ್ಮ ಪಾಪಗಳನ್ನು ಕ್ಷಮಿಸು ಎಂದು ದನಿ ಎತ್ತುವಾಗ, ಆ ಗಡ್ಡದ ಮುಖ ಎದುರು ಬಂದು ನಿಲ್ಲುತ್ತದೆ. ಅವಳು ಅದನ್ನು ಓಡಿಸಲು ನೋಡುವುದಿಲ್ಲ.